ಬರ್ವಾಶ್‌ನ ದೀಪ

ಇಂಗ್ಲೆಂಡಿನ ಪೂರ್ವ ಸಸೆಕ್ಸ್‌ನಲ್ಲಿ, ರಾದರ್ ಮತ್ತು ಡಡ್‌ವೆಲ್ ಎಂಬ ಎರಡು ಸಣ್ಣ ಹೊಳೆಗಳ ನಡುವಿನ ದಿಣ್ಣೆಯ ಮೇಲೆ ಬರ್ವಾಶ್ ಎಂಬ ಹಳ್ಳಿಯಿದೆ. ಊರಿನ ಉದ್ದಕ್ಕೂ ಒಂದೇ ದೊಡ್ಡ ಬೀದಿ, ಅದರ ಇಕ್ಕೆಲಗಳಲ್ಲಿ ಗೋಡೆಗಳಿಗೂ ಹೆಂಚು ಹೊದಿಸಿದ ಹಳೆಯ ಮನೆಗಳು, ಒಂದು ಬದಿಗೆ ಸಂತ ಬಾರ್ತಲೋಮ್ಯೂವಿನ ಚರ್ಚು. ಚರ್ಚಿನ ಅಂಗಳ ಬೀದಿಗೆ ಕೂಡುವಲ್ಲಿ ಮೊದಲ ಮಹಾಯುದ್ಧದಲ್ಲಿ ಮಡಿದ ಊರಿನವರ ಹೆಸರುಗಳನ್ನು ಹೊತ್ತ ಕಲ್ಲಿನ ಸ್ಮಾರಕವೊಂದು ನಿಂತಿದೆ. ಇಂಥ ಸ್ಮಾರಕಗಳು ಆ ದೇಶದ ಹಳ್ಳಿಗಳಲ್ಲಿ ನಮ್ಮ ಊರುಗಳ ಅರಳಿಕಟ್ಟೆಯಷ್ಟೇ ಸಾಮಾನ್ಯ. ಬ್ರಿಟನ್ನಿನ ಯುದ್ಧ ವಸ್ತುಸಂಗ್ರಹಾಲಯವು ಇಟ್ಟಿರುವ ಪಟ್ಟಿಯಲ್ಲಿ ದೊಡ್ಡವು, ಚಿಕ್ಕವು ಎಲ್ಲವೂ ಸೇರಿ 90 ಸಾವಿರಕ್ಕೂ ಹೆಚ್ಚು ಯುದ್ಧಸ್ಮಾರಕಗಳಿವೆ. ಬರ್ವಾಶ್‌ನದು ಅವುಗಳಿಂದ ಬೇರೆಯಾಗಿರುವುದು ಒಂದೇ ಕಾರಣಕ್ಕೆ: ಅದರ ಮೇಲ್ಭಾಗದಲ್ಲಿ ಒಂದು ದೀಪವಿದೆ, ಮತ್ತು ಆ ದೀಪ ದಿನವೂ ಉರಿಯುವುದಿಲ್ಲ. ಕಲ್ಲಿನ ಮೇಲಿರುವ ಒಬ್ಬೊಬ್ಬನೂ ಸತ್ತ ತಾರೀಖು ವರ್ಷದಲ್ಲಿ ಮರಳಿ ಬಂದಾಗ, ಆ ದಿನ ಮಾತ್ರ, ಅವನಿಗಾಗಿ ಅದನ್ನು ಹೊತ್ತಿಸುತ್ತಾರೆ.

ಇದನ್ನು ಮೊದಲು ಓದಿದಾಗ ನನ್ನ ಮನಸ್ಸಿಗೆ ಬಂದ ಮಾತು ‘ತಿಥಿ’. ಪಂಚಾಂಗದ ತಿಥಿಯಲ್ಲ, ಕ್ಯಾಲೆಂಡರಿನ ತಾರೀಖು ಎಂಬ ವ್ಯತ್ಯಾಸವಿದೆ ನಿಜ. ಆದರೆ ಸತ್ತವರೆಲ್ಲರನ್ನೂ ಒಟ್ಟಾಗಿ ಸೇರಿಸಿ, ಯುದ್ಧ ನಿಂತ ದಿನವಾದ ನವೆಂಬರ್ 11ರಂದು ಒಮ್ಮೆ ತಲೆಬಾಗುವುದು ಬೇರೆ, ಒಬ್ಬನ ದಿನವನ್ನು ಅವನಿಗಾಗಿಯೇ ಮೀಸಲಿಡುವುದು ಬೇರೆ. ತಿಥಿಯನ್ನು ನಮ್ಮಲ್ಲಿ ಮನೆಯವರು ಮಾಡುತ್ತಾರೆ. ಮಕ್ಕಳ ಕಾಲಕ್ಕೋ ಮೊಮ್ಮಕ್ಕಳ ಕಾಲಕ್ಕೋ ಅದು ನಿಂತುಹೋಗುತ್ತದೆ. ಇಲ್ಲಿ ಆ ಕೆಲಸವನ್ನು ಊರು ವಹಿಸಿಕೊಂಡಿದೆ.

ನಾನು ಬರ್ವಾಶ್‌ಗೆ ಹೋದದ್ದು ಸ್ಮಾರಕಕ್ಕಾಗಿ ಅಲ್ಲವೆಂದು ಒಪ್ಪಿಕೊಳ್ಳಬೇಕು. ಹಳ್ಳಿಯ ಕೆಳಗಿನ ಕಣಿವೆಯಲ್ಲಿ ಬೇಟ್‌ಮನ್ಸ್ ಎಂಬ, ಬಾಗಿಲ ಮೇಲೆ 1634ನೆಯ ಇಸವಿಯನ್ನು ಹೊತ್ತ ಕಲ್ಲಿನ ಮನೆಯಿದೆ. ಇಂಗ್ಲಿಷ್ ಲೇಖಕ ರಡ್‌ಯಾರ್ಡ್ ಕಿಪ್ಲಿಂಗ್ ಅದನ್ನು 1902ರಲ್ಲಿ ಕೊಂಡು ಸಾಯುವವರೆಗೂ ಅಲ್ಲಿಯೇ ಬಾಳಿದ. ಸಾಮ್ರಾಜ್ಯದ ಹೊಗಳುಭಟನೆಂದು ನಮ್ಮಲ್ಲಿ ಹಲವರಿಗೆ ಆತನ ಮೇಲಿರುವ ಅಸಮಾಧಾನ ನನಗೂ ಇದೆ, ಆ ಮನೆಯ ಅಚ್ಚುಕಟ್ಟಾದ ಕೋಣೆಗಳನ್ನು ನೋಡಿ ಅದೇನೂ ಕಡಿಮೆಯಾಗಲಿಲ್ಲ. ಮರಳುವಾಗ ದಿಣ್ಣೆ ಹತ್ತಿ ಊರಿಗೆ ಬಂದು ಚರ್ಚಿನ ಮುಂದೆ ನಿಂತೆ. ಅದು ಯಾರ ದಿನವೂ ಅಲ್ಲದ ಒಂದು ದಿನ, ದೀಪ ಉರಿಯುತ್ತಿರಲಿಲ್ಲ. ಹೆಸರುಗಳನ್ನು ಓದುತ್ತಾ ಹೋದೆ. ಅವುಗಳ ನಡುವೆ ಜಾನ್ ಕಿಪ್ಲಿಂಗ್ ಎಂಬ ಹೆಸರೂ ಇತ್ತು, ಹಿಂದಿನ ಮುಂದಿನ ಹೆಸರುಗಳಿಗಿಂತ ಒಂದು ನೂಲಿನಷ್ಟೂ ದೊಡ್ಡದಾಗಿರದೆ.

ಜಾನ್ ಆ ಲೇಖಕನ ಒಬ್ಬನೇ ಮಗ. 1914ರಲ್ಲಿ ಯುದ್ಧ ಆರಂಭವಾದಾಗ ಅವನಿಗೆ ಕೇವಲ 16 ವರ್ಷ, ಕಣ್ಣು ಬಹಳ ಮಂದ. ಕನ್ನಡಕವಿಲ್ಲದೆ ಹತ್ತು ಹೆಜ್ಜೆ ಆಚೆಗಿನದು ಕಾಣಿಸದ ಹುಡುಗನನ್ನು ಸೈನ್ಯದ ವೈದ್ಯರು ತಿರಸ್ಕರಿಸಿದರು. ಊರೂರಿಗೆ ಹೋಗಿ ಯುವಕರು ಸೈನ್ಯ ಸೇರಬೇಕೆಂದು ಭಾಷಣ ಮಾಡುತ್ತಿದ್ದ ತಂದೆ, ತನ್ನ ಹಳೆಯ ಪರಿಚಯದ ಹಿರಿಯ ಸೇನಾನಿ ಲಾರ್ಡ್ ರಾಬರ್ಟ್ಸ್‌ನ ಮೂಲಕ ಮಗನಿಗೆ ಐರಿಷ್ ಗಾರ್ಡ್ಸ್ ದಳದಲ್ಲಿ ಅಧಿಕಾರಿಯ ಸ್ಥಾನ ದೊರಕಿಸಿದ. ಹುಡುಗ ತನ್ನ 18ನೆಯ ಹುಟ್ಟುಹಬ್ಬದ ಹೊತ್ತಿಗೆ ಫ್ರಾನ್ಸಿಗೆ ಹೋದ. ಅದಾದ ಆರು ವಾರಗಳಿಗೆ, 1915ರ ಸೆಪ್ಟೆಂಬರ್ 27ರಂದು, ಲೂಸ್ ಕದನದಲ್ಲಿ ಗಾಯಗೊಂಡು ಕಣ್ಮರೆಯಾದ. ದೇಹ ಸಿಗಲಿಲ್ಲ. ತಂದೆತಾಯಿಗಳು ಅವನ ದಳದಲ್ಲಿ ಬದುಕುಳಿದ ಸೈನಿಕರನ್ನು ಒಬ್ಬೊಬ್ಬರನ್ನಾಗಿ ಹುಡುಕಿ, ಆಸ್ಪತ್ರೆಗಳಿಗೆ ಹೋಗಿ, ಕಡೆಯದಾಗಿ ನೋಡಿದ್ದು ಎಲ್ಲಿ, ಹೇಗೆ ಎಂದು ಕೇಳಿಕೊಂಡು ಬರೆದಿಟ್ಟರು. ಇದರ ನಡುವೆ ತಾವು ಕೇಳಿದ್ದನ್ನು ತಾವೇ ನಂಬಲಾರದೆ, ಎಲ್ಲೋ ಜರ್ಮನರ ಸೆರೆಯಲ್ಲಿ ಇದ್ದಾನೆಂಬ ಆಸೆಯನ್ನೂ ಬಹುಕಾಲ ಇಟ್ಟುಕೊಂಡಿದ್ದರು.

ದೇಹ ಸಿಕ್ಕಿದ್ದರೂ ಅದು ಬರ್ವಾಶ್‌ಗೆ ಬರುತ್ತಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಚರ್ಚಿನ ಅಂಗಳದ ಈ ಕಲ್ಲುಗಳ ಅರ್ಥ ಅಡಗಿರುವುದೇ ಅಲ್ಲಿ. 1915ರ ಏಪ್ರಿಲಿನಲ್ಲಿ, ಹಿಂದೆ ಪ್ರಧಾನಿಯಾಗಿದ್ದ ಗ್ಲ್ಯಾಡ್‌ಸ್ಟನ್‌ನ ಮೊಮ್ಮಗ ಫ್ರಾನ್ಸಿನಲ್ಲಿ ಗುಂಡಿಗೆ ಬಲಿಯಾದ. ಮನೆತನದ ಪ್ರಭಾವದಿಂದ ಅವನ ದೇಹವನ್ನು ಕಡಲು ದಾಟಿಸಿ ವೇಲ್ಸ್‌ನ ಹಾರ್ಡನ್‌ಗೆ ತಂದು ಸ್ವಂತ ಊರಿನ ಚರ್ಚಿನಲ್ಲಿ ಮಣ್ಣು ಮಾಡಿದರು. ಸಾವಿರಾರು ಜನ ಸಾಮಾನ್ಯ ಸೈನಿಕರು ಬಿದ್ದಲ್ಲೇ ಹೂಳಲ್ಪಡುತ್ತಿದ್ದ ದಿನಗಳಲ್ಲಿ ಇದು ಎಂಥ ಕಹಿಯನ್ನು ಹುಟ್ಟಿಸಬಹುದೆಂದು ಸೈನ್ಯಕ್ಕೆ ತಿಳಿಯಿತು. ಕೆಲವೇ ದಿನಗಳಲ್ಲಿ, ಇನ್ನು ಮುಂದೆ ಯಾರ ದೇಹವನ್ನೂ ಊರಿಗೆ ಒಯ್ಯುವಂತಿಲ್ಲ ಎಂಬ ಆಜ್ಞೆ ಹೊರಟಿತು. ಯುದ್ಧ ಮುಗಿದ ಮೇಲೆಯೂ ಅದನ್ನು ಸಡಿಲಿಸಲಿಲ್ಲ. ಫೇಬಿಯನ್ ವೇರ್ ಎಂಬಾತನ ಹಟದಿಂದ 1917ರ ಮೇ ತಿಂಗಳಲ್ಲಿ ಹುಟ್ಟಿದ ಸಾಮ್ರಾಜ್ಯದ ಯುದ್ಧಸಮಾಧಿ ಆಯೋಗವು, ಬ್ರಿಟಿಷ್ ಮ್ಯೂಸಿಯಮ್ಮಿನ ಫ್ರೆಡರಿಕ್ ಕೆನ್ಯನ್ 1918ರಲ್ಲಿ ಕೊಟ್ಟ ವರದಿಯನ್ನು ಆಧರಿಸಿ, ಜನರಲ್‌ಗೂ ಜವಾನನಿಗೂ ಒಂದೇ ಅಳತೆಯ ಕಲ್ಲು, ಎಲ್ಲರಿಗೂ ಬಿದ್ದ ನೆಲದಲ್ಲೇ ಸಮಾಧಿ ಎಂಬ ನಿಯಮವನ್ನು ನಿಲ್ಲಿಸಿತು. ಆ ಆಯೋಗಕ್ಕೆ ಬರವಣಿಗೆಯ ಸಲಹೆಗಾರನಾಗಿ ಬಂದವನು ಕಿಪ್ಲಿಂಗ್. ಗುರುತು ಸಿಗದವರ ಕಲ್ಲಿನ ಮೇಲೆ ಇಂದಿಗೂ ಕಾಣುವ ‘ದೇವರು ಬಲ್ಲವನು’ ಎಂಬರ್ಥದ ಮಾತು ಆತ ಕೊಟ್ಟದ್ದು. ತನ್ನ ಮಗನೂ ಅಂಥದೊಂದು ಕಲ್ಲಿನ ಕೆಳಗೆ ಇರಬಹುದೆಂದು ಆತನಿಗೆ ಅನ್ನಿಸದೆ ಇರಲು ಸಾಧ್ಯವಿಲ್ಲ.

ಈ ಸಮಾನತೆಯನ್ನು ಎಲ್ಲರೂ ಸುಮ್ಮನೆ ಒಪ್ಪಲಿಲ್ಲ. ಮೂವರು ಗಂಡುಮಕ್ಕಳನ್ನು ಕಳೆದುಕೊಂಡಿದ್ದ ಲೇಡಿ ಫ್ಲಾರೆನ್ಸ್ ಸೆಸಿಲ್, ಕಡೆಯ ಪಕ್ಷ ಸಮಾಧಿಯ ಮೇಲೆ ಶಿಲುಬೆಯನ್ನಾದರೂ ನಿಲ್ಲಿಸಲು ಬಿಡಿ ಎಂದು ಸಾವಿರಾರು ಜನರ ಸಹಿ ಕೂಡಿಸಿ ಮನವಿ ಸಲ್ಲಿಸಿದಳು. 1920ರ ಮೇ 4ರಂದು ಪಾರ್ಲಿಮೆಂಟಿನಲ್ಲಿ ಚರ್ಚೆಯೂ ನಡೆಯಿತು. ಆಯೋಗದ ನಿಲುವು ಗೆದ್ದಿತು. ಆ ನಿಲುವು ನ್ಯಾಯವಾದದ್ದೆಂದೇ ನಾನು ತಿಳಿಯುತ್ತೇನೆ. ದುಡ್ಡಿದ್ದವನ ಮಗ ಮನೆಗೆ ಬಂದು ಕೂಲಿಯವನ ಮಗ ಪರದೇಶದ ಕೆಸರಿನಲ್ಲಿ ಉಳಿಯುವುದಕ್ಕಿಂತ ಇಬ್ಬರೂ ಅಲ್ಲೇ ಉಳಿಯುವುದು ಮೇಲು. ಆದರೆ ಅದು ಒಬ್ಬ ತಾಯಿಗೆ ಹೇಳಬಲ್ಲ ಮಾತಲ್ಲ. ರೈಲು, ಹಡಗು ಹಿಡಿದು ಫ್ರಾನ್ಸಿಗೆ ಹೋಗಿ ಬರುವ ಶಕ್ತಿ ಸಸೆಕ್ಸ್‌ನ ಒಬ್ಬ ಹೊಲದಾಳಿನ ಹೆಂಡತಿಗೆ ಎಲ್ಲಿಂದ ಬರಬೇಕು? ಹೂವಿಡಲು ಅವಳಿಗೊಂದು ಜಾಗ ಬೇಕಿತ್ತು, ಮತ್ತು ಅದು ನಡೆದು ಹೋಗುವಷ್ಟು ಹತ್ತಿರ ಇರಬೇಕಿತ್ತು. ದೇಹ ಸಿಗದೆ ಹೋದಾಗ ದರ್ಭೆಯಿಂದ ಪ್ರತಿಕೃತಿ ಮಾಡಿ ಸಂಸ್ಕಾರ ನಡೆಸುವ ವಿಧಿ ನಮ್ಮ ಕೆಲವು ಸಮುದಾಯಗಳಲ್ಲಿದೆ. 1919ರಿಂದ ಮುಂದಿನ ನಾಲ್ಕಾರು ವರ್ಷಗಳಲ್ಲಿ ಇಂಗ್ಲೆಂಡಿನ ಹಳ್ಳಿ ಹಳ್ಳಿಯೂ ನಡೆಸಿದ್ದು ಅಂಥದೇ ಒಂದು ಕೆಲಸ; ದರ್ಭೆಯ ಬದಲಿಗೆ ಕಲ್ಲಿತ್ತು ಅಷ್ಟೆ.

ಆ ಕಲ್ಲುಗಳನ್ನು ಸರ್ಕಾರ ನಿಲ್ಲಿಸಲಿಲ್ಲ, ಅದರ ಆಜ್ಞೆಯೂ ಇರಲಿಲ್ಲ. ಊರವರೇ ಸಮಿತಿ ಮಾಡಿಕೊಂಡು, ಚಂದಾ ಎತ್ತಿ, ಜಗಳವಾಡಿ ನಿಲ್ಲಿಸಿದರು. ಶಿಲುಬೆಯೋ, ಊರಿಗೊಂದು ಸಭಾಭವನವೋ, ನೀರಿನ ಪಂಪೋ ಎಂಬುದು ಒಂದು ಜಗಳ. ಬದುಕಿರುವವರಿಗೆ ಉಪಯೋಗವಾಗಲಿ ಎನ್ನುವವರು ಒಂದು ಕಡೆ, ಸತ್ತವರ ಹೆಸರಿನಲ್ಲಿ ಬಿಲಿಯರ್ಡ್ಸ್ ಆಡುವ ಕೋಣೆ ಕಟ್ಟಬೇಕೆ ಎನ್ನುವವರು ಇನ್ನೊಂದು ಕಡೆ. ಎಲ್ಲಿ ನಿಲ್ಲಿಸಬೇಕೆಂಬುದು ಮತ್ತೊಂದು ಜಗಳ: ಆಂಗ್ಲಿಕನ್ ಚರ್ಚಿನ ಅಂಗಳದಲ್ಲಾದರೆ ಧರ್ಮಪ್ರಾಂತದಿಂದ ಲಿಖಿತ ಅನುಮತಿ ಬೇಕು, ಅಲ್ಲದೆ ಮೆಥಡಿಸ್ಟರೂ ಬ್ಯಾಪ್ಟಿಸ್ಟರೂ ತಮ್ಮ ಮಕ್ಕಳ ಹೆಸರು ತಾವು ಕಾಲಿಡದ ಅಂಗಳದಲ್ಲಿ ಏಕಿರಬೇಕೆಂದು ಕೇಳುತ್ತಿದ್ದರು. ಚರ್ಚಿನ ಬೇಲಿಯ ಅಂಚಿನಲ್ಲಿ, ಅರ್ಧ ಬೀದಿಗೆ ಅರ್ಧ ಅಂಗಳಕ್ಕೆ ಸೇರಿದಂತೆ ನಿಂತಿರುವ ಸ್ಮಾರಕಗಳನ್ನು ಕಂಡಾಗಲೆಲ್ಲ, ಇದು ಶಿಲ್ಪಿಯ ಆಯ್ಕೆಯಾಗಿರದೆ ಸಮಿತಿಯ ರಾಜಿಯಾಗಿರಬೇಕು ಎಂದು ನನಗೆ ಅನ್ನಿಸುತ್ತದೆ.

ಹೆಸರುಗಳ ಪಟ್ಟಿ ಕೂಡಿಸುವುದು ಮಾತ್ರ ಇವೆಲ್ಲಕ್ಕಿಂತ ಕಠಿಣವಾದ ಕೆಲಸವಾಗಿತ್ತು. ಸೈನ್ಯದ ಕಚೇರಿಯಿಂದ ಊರುವಾರು ಪಟ್ಟಿ ಬರುತ್ತಿರಲಿಲ್ಲ. ಪಾದ್ರಿಯೋ ಶಾಲೆಯ ಮೇಷ್ಟರೋ ಮನೆಮನೆಗೆ ಹೋಗಿ ಕೇಳಬೇಕಿತ್ತು, ಇಲ್ಲವೆ ಚರ್ಚಿನ ಬಾಗಿಲಿಗೆ ಪಟ್ಟಿ ಅಂಟಿಸಿ ತಪ್ಪಿದ್ದರೆ ತಿಳಿಸಿ ಎನ್ನಬೇಕಿತ್ತು. ಊರಲ್ಲಿ ಹುಟ್ಟಿ ಕೆನಡಾಕ್ಕೆ ಹೋಗಿ ಅಲ್ಲಿಯ ಸೈನ್ಯ ಸೇರಿದವನು ನಮ್ಮವನೋ ಅಲ್ಲವೋ? ತಂದೆತಾಯಿ ಒಂದು ಊರಿನಲ್ಲಿ, ಹೆಂಡತಿ ಇನ್ನೊಂದರಲ್ಲಿ ಇದ್ದರೆ ಹೆಸರು ಯಾವ ಕಲ್ಲಿಗೆ? ಎರಡಕ್ಕೂ ಹೋದವರಿದ್ದಾರೆ, ಯಾವುದಕ್ಕೂ ಹೋಗದವರೂ ಇದ್ದಾರೆ. ವಿಷಾನಿಲ ಕುಡಿದು ಮನೆಗೆ ಬಂದು 1922ರಲ್ಲಿ ಕೆಮ್ಮುತ್ತಾ ಸತ್ತವನನ್ನು ಯುದ್ಧದಲ್ಲಿ ಸತ್ತವನೆನ್ನಬೇಕೆ? ಅನೇಕ ಸ್ಮಾರಕಗಳ ಮೇಲೆ 1914–1918 ಎಂದಿರುವುದಿಲ್ಲ, 1914–1919 ಎಂದಿರುತ್ತದೆ. ಗುಂಡು ನಿಂತದ್ದು 1918ರ ನವೆಂಬರಿನಲ್ಲಾದರೂ ವರ್ಸೇಲ್ಸ್ ಒಪ್ಪಂದಕ್ಕೆ ಸಹಿ ಬಿದ್ದದ್ದು 1919ರ ಜೂನ್ 28ರಂದು. ಪಟ್ಟಿ ಸಿದ್ಧವಾದ ಮೇಲೆ ಹೆಸರುಗಳನ್ನು ಎಷ್ಟೋ ಊರುಗಳು ಹುದ್ದೆಯ ಕ್ರಮ ಬಿಟ್ಟು ಅಕ್ಷರಕ್ರಮದಲ್ಲಿ ಕೆತ್ತಿಸಿದವು. ಜಮೀನುದಾರನ ಮಗನೂ ಅವನ ಲಾಯದ ಹುಡುಗನೂ ಅಕ್ಕಪಕ್ಕ ಬಂದರು, ಮತ್ತು ಒಂದೇ ಮನೆತನದ ಹೆಸರು ಎರಡು, ಮೂರು ಸಲ ಸಾಲಾಗಿ ಬರುವುದು ಕಣ್ಣಿಗೆ ಹೊಡೆಯುವಂತಾಯಿತು. ನಮ್ಮ ವೀರಗಲ್ಲು ಆ ವೀರ ಯಾವ ಹುಯ್ಯಲಿನಲ್ಲಿ, ಯಾರೊಡನೆ ಕಾದಿ, ಹೇಗೆ ಬಿದ್ದನೆಂದು ಚಿತ್ರ ಸಹಿತ ಹೇಳುತ್ತದೆ. ಈ ಕಲ್ಲುಗಳು ಹೆಸರೊಂದನ್ನು ಬಿಟ್ಟು ಮತ್ತೇನನ್ನೂ ಹೇಳುವುದಿಲ್ಲ. ಹಾಗಾಗಿ ಆ ಹೆಸರೊಂದರ ಮೇಲೆ ಎಲ್ಲ ಭಾರವೂ ಬಿದ್ದಿದೆ.

ಹೆಸರು ಕೆತ್ತದೆ ಬಿಟ್ಟಾಗ ಆ ಭಾರ ಎಷ್ಟೆಂದು ತಿಳಿಯುತ್ತದೆ. ಪಕ್ಕದ ಕೆಂಟ್‌ನಲ್ಲಿ, ಡ್ಯಾರೆಂಟ್ ಹೊಳೆಯ ದಂಡೆಯ ಮೇಲೆ ಶೋರಮ್ ಎಂಬ ಹಳ್ಳಿಯಿದೆ. ಅಲ್ಲಿಯವರು ಎದುರಿನ ಗುಡ್ಡದ ಹುಲ್ಲು ಹೆರೆದು ಸುಣ್ಣಕಲ್ಲಿನ ಬಿಳಿಯಲ್ಲಿ ದೊಡ್ಡ ಶಿಲುಬೆಯೊಂದನ್ನು ಮೂಡಿಸಿದರು. ಕೆಳಗಿನ ಸ್ಮಾರಕದ ಕಲ್ಲು, ಗುಡ್ಡದ ಶಿಲುಬೆಯನ್ನು ನೋಡುವಾಗ ಇವರನ್ನು ನೆನೆಯಿರಿ ಎನ್ನುತ್ತದೆ. ಅದೇ ಊರಿನಲ್ಲಿ ಹುಟ್ಟಿದ ಥಾಮಸ್ ಹೈಗೇಟ್ ಎಂಬ 19 ವರ್ಷದ ಸೈನಿಕ ಯುದ್ಧದ ಎರಡನೆಯ ತಿಂಗಳಲ್ಲೇ ದಳ ತೊರೆದು ಸಿಕ್ಕಿಬಿದ್ದ. 1914ರ ಸೆಪ್ಟೆಂಬರ್ 8ರಂದು ಅವನ ಕಡೆಯವರೇ ಅವನನ್ನು ಗುಂಡಿಟ್ಟು ಕೊಂದರು. ಆ ಯುದ್ಧದಲ್ಲಿ ಹೀಗೆ ಶಿಕ್ಷೆಗೆ ಗುರಿಯಾದ ಬ್ರಿಟಿಷ್ ಸೈನಿಕರಲ್ಲಿ ಅವನೇ ಮೊದಲಿಗ. ಊರಿನ ಕಲ್ಲಿನ ಮೇಲೆ ಅವನ ಹೆಸರಿರಲಿಲ್ಲ. ಸವೆದುಹೋಗಿದ್ದ ಫಲಕವನ್ನು 2000ದಲ್ಲಿ ಬದಲಾಯಿಸುವಾಗ ಈಗಲಾದರೂ ಸೇರಿಸಬೇಕೆ ಎಂಬ ಪ್ರಶ್ನೆ ಎದ್ದಿತು. ಊರಿನ ಪಂಚಾಯಿತಿ ಬೇಡವೆಂದಿತು, ಆದರೆ ಮುಂದೆಂದಾದರೂ ಜನರ ಮನಸ್ಸು ಬದಲಾದರೆ ಇರಲಿ ಎಂದು ಒಂದು ಹೆಸರಿನಷ್ಟು ಜಾಗವನ್ನು ಖಾಲಿ ಬಿಟ್ಟಿತು. 2006ರಲ್ಲಿ ಸರ್ಕಾರ ಹೈಗೇಟ್ ಸೇರಿದಂತೆ 306 ಮಂದಿಗೆ ಕ್ಷಮೆ ಘೋಷಿಸಿತು. ಫ್ರಾನ್ಸಿನಲ್ಲಿರುವ ಆಯೋಗದ ಸ್ಮಾರಕವೊಂದರ ಮೇಲೆ ಅವನ ಹೆಸರು ಮೊದಲಿನಿಂದಲೂ ಇದೆ. ಸಾಮ್ರಾಜ್ಯ ಕ್ಷಮಿಸಿದ್ದನ್ನು ಊರು ಕ್ಷಮಿಸಲು ಹಿಂಜರಿಯಿತೆಂದು ನಗುವುದು ಸುಲಭ. ಆದರೆ ಆ ಕಲ್ಲನ್ನು ತಮ್ಮದೆಂದು ತಿಳಿದವರು ಮಾತ್ರ ಅದರ ಬಗ್ಗೆ ಅಷ್ಟು ಜಗಳವಾಡಬಲ್ಲರು ಎಂಬುದೂ ನಿಜ.

ಚರ್ಚಿನ ಅಂಗಳದೊಳಗೆ ಹೋದರೆ ಯುದ್ಧದ ಇನ್ನೊಂದು ಬಗೆಯ ಗುರುತು ಕಾಣುತ್ತದೆ. ಎಷ್ಟೋ ಹಳ್ಳಿಗಳಲ್ಲಿ ಗೇಟಿನ ಬಳಿ ‘ಕಾಮನ್‌ವೆಲ್ತ್ ಯುದ್ಧಸಮಾಧಿಗಳು’ ಎಂಬ ಸಣ್ಣ ಹಸಿರು ಫಲಕವಿರುತ್ತದೆ. ಒಳಗೆ ಯೂ ಮರಗಳ ಕೆಳಗೆ, ಓರೆಯಾದ ಹಳೆಯ ಗೋರಿಕಲ್ಲುಗಳ ನಡುವೆ, ಫ್ರಾನ್ಸಿನಲ್ಲಿ ಸಾಲುಸಾಲಾಗಿ ಇರುವಂಥದೇ ಬಿಳಿಯ ಕಲ್ಲು ಒಂದೋ ಎರಡೋ ಒಂಟಿಯಾಗಿ ನಿಂತಿರುತ್ತವೆ. ಅವು ಇಂಗ್ಲೆಂಡಿನ ಆಸ್ಪತ್ರೆಯಲ್ಲೋ ತರಬೇತಿ ಶಿಬಿರದಲ್ಲೋ 1918ರ ಇನ್‌ಫ್ಲುಯೆಂಜಾದಲ್ಲೋ ಸತ್ತವರವು. ಆಜ್ಞೆ ಅನ್ವಯಿಸಿದ್ದು ಕಡಲಾಚೆ ಸತ್ತವರಿಗೆ ಮಾತ್ರ. ಇವರು ಈಚೆ ದಡದಲ್ಲಿ ಸತ್ತರೆಂಬ ಕಾರಣಕ್ಕೆ ಮನೆಗೆ ಬಂದರು. ಕಲ್ಲಿನ ಕೆಳತುದಿಯಲ್ಲಿ ಮನೆಯವರು ಒಂದು ಮಾತು ಬರೆಸಬಹುದಿತ್ತು, ಅಕ್ಷರ ಮತ್ತು ಖಾಲಿ ಜಾಗ ಸೇರಿ 66ಕ್ಕೆ ಮೀರದಂತೆ, ಮೊದಮೊದಲು ಅಕ್ಷರಕ್ಕೆ ಮೂರೂವರೆ ಪೆನ್ನಿಯಂತೆ.

ಬರ್ವಾಶ್ ಇರುವ ಸಸೆಕ್ಸ್‌ನಲ್ಲೇ, ಬ್ರೈಟನ್ನಿನ ಹಿಂದಿನ ಪ್ಯಾಚಮ್ ಗುಡ್ಡದ ಇಳಿಜಾರಿನಲ್ಲಿ, ಛತ್ರಿ ಎಂದು ಕರೆಯುವ ಅಮೃತಶಿಲೆಯ ಒಂದು ಸ್ಮಾರಕ ಮಂಟಪವಿದೆ. ಬ್ರೈಟನ್ನಿನ ಅರಮನೆಯನ್ನು ಆಸ್ಪತ್ರೆಯನ್ನಾಗಿ ಮಾಡಿದ್ದ ದಿನಗಳಲ್ಲಿ ಅಲ್ಲಿ ತೀರಿಕೊಂಡ ಭಾರತದ ಹಿಂದೂ ಮತ್ತು ಸಿಖ್ ಸೈನಿಕರನ್ನು ದಹನ ಮಾಡಿದ ಜಾಗ ಅದು. 1921ರ ಫೆಬ್ರವರಿ 1ರಂದು ಅದು ಉದ್ಘಾಟನೆಯಾಯಿತು. ಅಂಥ ಚೆಲುವಾದ ಸ್ಮಾರಕ ಸುತ್ತಲಿನ ಯಾವ ಹಳ್ಳಿಯಲ್ಲೂ ಇಲ್ಲ, ಆದರೆ ಸುತ್ತಲಿನ ಎಲ್ಲ ಹಳ್ಳಿಗಳಲ್ಲೂ ಇದ್ದ ಒಂದು ವಸ್ತು ಅದರ ಮೇಲೆ ಇರಲಿಲ್ಲ: ಹೆಸರು. ಅಲ್ಲಿ ದಹನವಾದ 53 ಮಂದಿಯ ಹೆಸರು ಕಲ್ಲಿಗೇರಿದ್ದು 2010ರ ಸೆಪ್ಟೆಂಬರಿನಲ್ಲಿ, ಪಕ್ಕದಲ್ಲಿ ಹೊಸ ಗೋಡೆಯೊಂದನ್ನು ಕಟ್ಟಿದಾಗ. ಅಷ್ಟರಲ್ಲಿ 89 ವರ್ಷ ಕಳೆದಿತ್ತು.

ಇದು ಒಂದು ಗುಡ್ಡದ ಕಥೆಯಲ್ಲ. ಇರಾಕಿನ ಬಾಸ್ರಾದ ಸ್ಮಾರಕದ ಮೇಲೆ ಭಾರತೀಯ ಅಧಿಕಾರಿಗಳನ್ನು ಹೆಸರಿಸಿದರು, ಸಾಮಾನ್ಯ ಸಿಪಾಯಿಗಳನ್ನು ದಳವಾರು ಎಷ್ಟು ಮಂದಿ ಎಂದು ಎಣಿಸಿ ಬಿಟ್ಟರು. ಜನರಲ್‌ಗೂ ಜವಾನನಿಗೂ ಒಂದೇ ಕಲ್ಲು ಎಂದ ಅದೇ ಆಯೋಗ ಮಾಡಿದ ಕೆಲಸವಿದು. 2021ರ ಏಪ್ರಿಲಿನಲ್ಲಿ ಆಯೋಗವೇ ಹೊರಡಿಸಿದ ವರದಿಯೊಂದು, ಆಫ್ರಿಕಾ ಮತ್ತು ಮಧ್ಯಪ್ರಾಚ್ಯಗಳಲ್ಲಿ ಸತ್ತ ಕನಿಷ್ಠ 1,16,000 ಮಂದಿ, ಪ್ರಾಯಶಃ 3,50,000ದವರೆಗೂ, ಹೆಸರಿನಿಂದ ಸ್ಮರಿಸಲ್ಪಡದೆ ಅಥವಾ ಯಾವ ರೀತಿಯಲ್ಲೂ ಸ್ಮರಿಸಲ್ಪಡದೆ ಉಳಿದರೆಂದು ಒಪ್ಪಿಕೊಂಡಿತು. ಭಾರತದ ಹಲವು ಹಳ್ಳಿಗಳಲ್ಲಿ ಆ ಕಾಲದ ಅಮೃತಶಿಲೆಯ ಸಣ್ಣ ಫಲಕಗಳು ಇಂದಿಗೂ ಗೋಡೆಗಳಲ್ಲಿವೆ. ಈ ಹಳ್ಳಿಯಿಂದ ಇಷ್ಟು ಮಂದಿ ಮಹಾಯುದ್ಧಕ್ಕೆ ಹೋದರು, ಅವರಲ್ಲಿ ಇಷ್ಟು ಮಂದಿ ಪ್ರಾಣ ತೆತ್ತರು ಎಂದು ಇಂಗ್ಲಿಷಿನಲ್ಲಿ ಎರಡು ಸಾಲು. ಇಷ್ಟು ಎಂಬಲ್ಲಿ ಒಂದು ಅಂಕಿ, ಅಷ್ಟೆ. ಮೈಸೂರು ಲ್ಯಾನ್ಸರ್ಸ್ ದಳ 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆಗೆ ಹೈಫಾ ಪಟ್ಟಣವನ್ನು ಹಿಡಿದದ್ದನ್ನು ನಾವು ಈಗ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಬೆಂಗಳೂರಿನ ಜೆ.ಸಿ. ನಗರದ ಕಡೆ ಆ ದಳದ ಸ್ಮಾರಕವೂ ಇದೆ. ಆದರೆ ಬರ್ವಾಶ್‌ನಲ್ಲಿ ನಿಂತಾಗ ನನ್ನನ್ನು ಕಾಡಿದ ಪ್ರಶ್ನೆ ಗೆಲುವಿನದಾಗಿರಲಿಲ್ಲ. ಆ ಸವಾರರು ಹುಟ್ಟಿದ ಊರುಗಳಲ್ಲಿ ಅವರ ಹೆಸರು ಎಲ್ಲಿದೆ, ಅವರ ತಾರೀಖು ಯಾರಿಗೆ ಗೊತ್ತಿದೆ ಎಂಬುದಾಗಿತ್ತು.

ಬರ್ವಾಶ್ ಚರ್ಚಿನ ಒಳಗೆ, ಸಸೆಕ್ಸ್‌ನ ಕಬ್ಬಿಣದ ಕುಲುಮೆಗಳ ಕಾಲವನ್ನು ನೆನಪಿಸುವ ಬಹು ಹಳೆಯ ಎರಕದ ಗೋರಿಫಲಕವೊಂದನ್ನು ಜನ ನೋಡಲು ಬರುತ್ತಾರೆ. ನಾನು ನೋಡಿದ್ದು ಗೋಡೆಯ ಮೇಲಿನ ಜಾನ್ ಕಿಪ್ಲಿಂಗನ ಕಂಚಿನ ಫಲಕವನ್ನು. ಅವನ ವಯಸ್ಸನ್ನು ಅದು ‘ಹದಿನೆಂಟು ವರ್ಷ ಆರು ವಾರ’ ಎಂದು ಬರೆಯುತ್ತದೆ. ಕೈಕೂಸಿನ ವಯಸ್ಸನ್ನು ತಾಯಂದಿರು ವಾರಗಳಲ್ಲಿ ಹೇಳುತ್ತಾರೆ, ಸೈನಿಕನದನ್ನು ಹಾಗೆ ಹೇಳಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೆಳಗೆ ಲ್ಯಾಟಿನ್‌ನಲ್ಲಿ, ಕಾಲಕ್ಕೆ ಮುನ್ನ ಅಳಿದವನು ಎಂಬ ಒಂದು ಸಾಲು. ತಂದೆ 1936ರಲ್ಲಿ ತೀರಿಕೊಂಡಾಗ ಅವನ ಬೂದಿಯನ್ನು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಗೆ ಒಯ್ದರು, ಆದ್ದರಿಂದ ಇಬ್ಬರಲ್ಲಿ ಒಬ್ಬರೂ ಈ ಅಂಗಳದಲ್ಲಿಲ್ಲ.

ಮಗನ ಹೆಸರು ಫ್ರಾನ್ಸಿನಲ್ಲಿ, ಗೋರಿಯಿಲ್ಲದ 20 ಸಾವಿರಕ್ಕೂ ಹೆಚ್ಚು ಮಂದಿಯ ಜೊತೆಗೆ ಲೂಸ್ ಸ್ಮಾರಕದ ಗೋಡೆಯಲ್ಲಿತ್ತು. ಹತ್ತಿರದ ಇನ್ನೊಂದು ಸ್ಮಶಾನದಲ್ಲಿ, ಐರಿಷ್ ಗಾರ್ಡ್ಸ್‌ನ ಒಬ್ಬ ಲೆಫ್ಟಿನೆಂಟ್ ಎಂದಷ್ಟೇ ಬರೆದು, ದೇವರು ಬಲ್ಲವನೆಂದು ಬಿಟ್ಟಿದ್ದ ಕಲ್ಲೊಂದಿತ್ತು. 1919ರಲ್ಲಿ ಆ ದೇಹ ಸಿಕ್ಕ ಜಾಗವನ್ನು ಗುರುತಿಸುವಾಗ ನಕ್ಷೆಯ ಚೌಕದ ಅಕ್ಷರವನ್ನು ತಪ್ಪಾಗಿ ಬರೆದಿರಬೇಕೆಂದು ತೀರ್ಮಾನಿಸಿ, ಅದು ಜಾನ್‌ನದೇ ಎಂದು ಆಯೋಗ 1992ರಲ್ಲಿ ಹೇಳಿತು. ಕಲ್ಲು ಹೇಳುವ ಹುದ್ದೆ ಜಾನ್‌ನ ಹುದ್ದೆಗೆ ಹೊಂದುವುದಿಲ್ಲವೆಂದು ಕೆಲವರು ಒಪ್ಪಲಿಲ್ಲ, ವಾದ ವರ್ಷಗಟ್ಟಲೆ ನಡೆಯಿತು. ಬರ್ವಾಶ್‌ನ ದೀಪಕ್ಕೆ ಆ ವಾದದಿಂದ ಏನೂ ಆಗಬೇಕಾದದ್ದಿರಲಿಲ್ಲ. ಅದಕ್ಕೆ ಬೇಕಾಗಿದ್ದುದು ಜಾಗವಲ್ಲ, ತಾರೀಖು, ಮತ್ತು ಅದು ಊರಿಗೆ ಮೊದಲಿನಿಂದಲೂ ಗೊತ್ತಿತ್ತು.

ಬರ್ವಾಶ್‌ಗೆ ರೈಲಿಲ್ಲ. ಹೇಸ್ಟಿಂಗ್ಸ್ ಮಾರ್ಗದ ಎಚಿಂಗಮ್ ನಿಲ್ದಾಣದಲ್ಲಿ ಇಳಿದು ಅಲ್ಲಿಂದ ದಿಣ್ಣೆಯ ಮೇಲಕ್ಕೆ ಹೋಗಬೇಕು. ಮುಂದಿನ ಸಲ ಸೆಪ್ಟೆಂಬರ್ 27ರಂದು ಹೋಗೋಣವೆಂದು ಮೊದಲು ಅಂದುಕೊಂಡೆ. ಆಮೇಲೆ, ಆ ದಿನ ಬರುವವರು ಬೇರೆ ಬೇಕಾದಷ್ಟು ಜನ ಇರುತ್ತಾರೆ ಎನ್ನಿಸಿತು. ಕಲ್ಲಿನ ಮೇಲಿನ ಮತ್ತೊಂದು ಹೆಸರನ್ನು, ಯಾವ ಲೇಖಕನ ಮಗನೂ ಅಲ್ಲದವನದನ್ನು, ಬರೆದುಕೊಂಡು ಬಂದಿದ್ದೇನೆ. ಅವನ ದಿನ ಯಾವುದೆಂದು ಹುಡುಕುತ್ತಿದ್ದೇನೆ.